ಕೋಷ್ಟಕ ಕಳೆದುಕೊಂಡ ದರ: ಹಾವೇರಿ ಜಿಲ್ಲೆಯ ದಿನಪತ್ರಿಕೆಯೊಂದರ ಪ್ರಕರಣ

2023ರ ಜನವರಿಯ ಒಂದು ಗುರುವಾರ ಸಂಜೆ, ಹಾವೇರಿ ಜಿಲ್ಲೆಯ ಸಣ್ಣ ದಿನಪತ್ರಿಕೆಯೊಂದರಿಂದ ವಾಟ್ಸ್‌ಆ್ಯಪ್ ಗುಂಪುಗಳಿಗೆ ಒಂದು ಚಿತ್ರ ಹೋಯಿತು. ಕೆಂಪು ಮೆಣಸಿನಕಾಯಿಯ ರಾಶಿ, ಅದರ ಮೇಲೆ ಹಳದಿ ಅಕ್ಷರದಲ್ಲಿ ‘ಬ್ಯಾಡಗಿ ಡಬ್ಬಿಗೆ ದಾಖಲೆ ದರ’ ಎಂಬ ಸಾಲು (ಡಬ್ಬಿ ಎಂದರೆ ಮೆಣಸಿನಕಾಯಿಯ ಒಂದು ತಳಿ), ಕೆಳಗೆ ಕ್ವಿಂಟಲ್‌ಗೆ ಇಷ್ಟು ಎಂದು ಒಂದೇ ಒಂದು ಅಂಕಿ, ಮೂಲೆಯಲ್ಲಿ ಪತ್ರಿಕೆಯ ಮುದ್ರೆ. ಅಂಕಿ ಸುಳ್ಳಾಗಿರಲಿಲ್ಲ. ಆ ದಿನದ ಮಾರುಕಟ್ಟೆಯಲ್ಲಿ ಒಂದು ಲಾಟಿಗೆ, ಅಂದರೆ ಒಟ್ಟಿಗೆ ಮಾರಾಟಕ್ಕಿಟ್ಟ ಒಂದು ರಾಶಿಗೆ, ಆ ದರ ಸಿಕ್ಕಿತ್ತು. ಆದರೆ ಮುಂದಿನ ಸೋಮವಾರ ಸಂಜೆ, ಅದೇ ಚಿತ್ರವನ್ನು ಮೊಬೈಲಿನಲ್ಲಿ ತೆರೆದು ಹಿಡಿದುಕೊಂಡು ಐದು ಜನ ರೈತರು ಪತ್ರಿಕೆಯ ಕಚೇರಿಯ ಮೆಟ್ಟಿಲು ಹತ್ತಿದರು.

ಆಗ ನಾನು ಹುಬ್ಬಳ್ಳಿಯ ಸುದ್ದಿಮನೆಯ ಕೆಲಸದಿಂದ ನಿವೃತ್ತನಾಗಿದ್ದೆ. ಈ ಪತ್ರಿಕೆಯ ಸಂಪಾದಕರು ಹಳೆಯ ಪರಿಚಯದವರು. ಅವರು ಕರೆದರೆಂದು ಹೋಗಿ, ಮುಂದಿನ ಒಂದೂವರೆ ವರ್ಷ ಅಲ್ಲಿ ನಡೆದದ್ದನ್ನು ಹತ್ತಿರದಿಂದ ಕಂಡೆ. ಅವರ ಒಪ್ಪಿಗೆ ಪಡೆದೇ ಇದನ್ನು ಬರೆಯುತ್ತಿದ್ದೇನೆ. ಪತ್ರಿಕೆಯ ಹೆಸರನ್ನೂ ಊರನ್ನೂ ಬಿಟ್ಟಿದ್ದೇನೆ, ವ್ಯಕ್ತಿಗಳ ಗುರುತು ಸಿಗುವ ವಿವರಗಳನ್ನು ಬದಲಿಸಿದ್ದೇನೆ. ಸಣ್ಣ ಪತ್ರಿಕೆ ನಡೆಸುವವರಿಗೆ, ಅದಕ್ಕಿಂತ ಹೆಚ್ಚಾಗಿ ದೊಡ್ಡ ಪತ್ರಿಕೆಗಳಲ್ಲಿ ಕುಳಿತು ಮೊಬೈಲಿಗಾಗಿ ಸುದ್ದಿ ಕತ್ತರಿಸುವವರಿಗೆ ಇದು ಉಪಯೋಗವಾಗಲಿ ಎಂಬುದು ನನ್ನ ಆಸೆ.

ಪತ್ರಿಕೆ ಮತ್ತು ಅದರ ಓದುಗರು

ಲಗ್ನಪತ್ರಿಕೆ, ಬಿಲ್ ಪುಸ್ತಕ ಅಚ್ಚು ಹಾಕುತ್ತಿದ್ದ ಮುದ್ರಣಾಲಯವೊಂದರ ಹಿಂದಿನ ಕೋಣೆಯಲ್ಲಿ ಇದು ವಾರಪತ್ರಿಕೆಯಾಗಿ ಹುಟ್ಟಿತು. 1997ರಲ್ಲಿ ಧಾರವಾಡ ಜಿಲ್ಲೆಯಿಂದ ಹಾವೇರಿ ಬೇರೆಯಾಗಿ ಜಿಲ್ಲಾಧಿಕಾರಿ ಕಚೇರಿ, ಜಿಲ್ಲಾ ಪಂಚಾಯಿತಿ ಎಲ್ಲವೂ ಬಂದ ಮೇಲೆ ನಾಲ್ಕು ಪುಟಗಳ ದಿನಪತ್ರಿಕೆಯಾಯಿತು. ಎರಡು ವರ್ಷ ಕಳೆಯುವಷ್ಟರಲ್ಲಿ, 1999ರಲ್ಲಿ, ‘ವಿಜಯ ಕರ್ನಾಟಕ’ ಆರಂಭವಾಗಿ ಬೆಲೆಯ ಪೈಪೋಟಿ ಶುರುವಾಯಿತು. ರಾಜ್ಯಮಟ್ಟದ ಪತ್ರಿಕೆಗಳು ಹುಬ್ಬಳ್ಳಿಯಲ್ಲಿ ಅಚ್ಚಾಗಿ, ಪುಣೆ–ಬೆಂಗಳೂರು ಹೆದ್ದಾರಿಯಲ್ಲಿ ರಾತ್ರೋರಾತ್ರಿ ಇಳಿದು, ಬೆಳಕು ಹರಿಯುವ ಮೊದಲೇ ಹಾವೇರಿಯ ಬಸ್ ನಿಲ್ದಾಣದಲ್ಲಿ ಬಂಡಲ್ ಬಿಚ್ಚಿಕೊಳ್ಳುತ್ತಿದ್ದವು. ಹೆಚ್ಚು ಪುಟ, ಬಣ್ಣ, ಜಿಲ್ಲೆಗೇ ಮೀಸಲಾದ ಪುಟ, ಎಲ್ಲವೂ ಅವುಗಳಲ್ಲಿತ್ತು. ಹಾಗಿದ್ದೂ ಈ ನಾಲ್ಕು ಪುಟಗಳು ಬದುಕಿದವು. ನಿಧನ ವಾರ್ತೆ, ಯಾವ ಓಣಿಗೆ ಯಾವ ದಿನ ನಲ್ಲಿಯಲ್ಲಿ ನೀರು, ಟೆಂಡರ್ ಪ್ರಕಟಣೆ, ಪೇಟೆ ಧಾರಣೆ: ಇವನ್ನು ಇಷ್ಟು ಚೊಕ್ಕವಾಗಿ ಬೇರೆ ಯಾರೂ ಕೊಡುತ್ತಿರಲಿಲ್ಲ.

ಇವುಗಳಲ್ಲಿ ಪೇಟೆ ಧಾರಣೆಯ ಬಗ್ಗೆ ಸ್ವಲ್ಪ ನಿಂತು ಹೇಳಬೇಕು. ಬ್ಯಾಡಗಿ ಮಾರುಕಟ್ಟೆಗೆ ಸುತ್ತಲಿನ ತಾಲ್ಲೂಕುಗಳಿಂದ ಮಾತ್ರವಲ್ಲ, ಕುಂದಗೋಳ, ಗದಗ, ಬಳ್ಳಾರಿ, ಆಚೆಯ ಆಂಧ್ರದಿಂದಲೂ ಮೆಣಸಿನಕಾಯಿ ಬರುತ್ತದೆ. ಸೋಮವಾರ ಮತ್ತು ಗುರುವಾರ ವ್ಯಾಪಾರದ ದಿನಗಳು. ಬ್ಯಾಡಗಿ ಮೆಣಸಿನಕಾಯಿಗೆ 2011ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆ ಸಿಕ್ಕಿದೆ. ಖಾರ ಕಡಿಮೆ, ಬಣ್ಣ ಗಾಢ, ಸಿಪ್ಪೆ ಸುಕ್ಕು. ಬಣ್ಣ ತೆಗೆಯುವ ಕಾರ್ಖಾನೆಗಳಿಗೂ ಮಸಾಲೆ ತಯಾರಕರಿಗೂ ಬೇಕಾದದ್ದು ಆ ಬಣ್ಣವೇ. ಹೀಗಾಗಿ ಡಬ್ಬಿ, ಕಡ್ಡಿ, ಗುಂಟೂರು ಎಂದು ತಳಿಗೊಂದು ದರ. ಒಂದೇ ತಳಿಯೊಳಗೂ ಬಣ್ಣ, ತೇವಾಂಶ, ಬಿಳಿಗಾಯಿಯ ಬೆರಕೆ ನೋಡಿ ಲಾಟಿಗೊಂದು ದರ. ಒಂದೇ ದಿನ, ಒಂದೇ ಅಂಗಳದಲ್ಲಿ, ಅಕ್ಕಪಕ್ಕದ ಎರಡು ರಾಶಿಗಳು ಆಕಾಶ ಭೂಮಿಯಷ್ಟು ಅಂತರದಲ್ಲಿ ಮಾರಾಟವಾಗುತ್ತವೆ. ಆದ್ದರಿಂದಲೇ ಧಾರಣೆಯ ಕೋಷ್ಟಕದಲ್ಲಿ ತಳಿಯ ಮುಂದೆ ಆವಕ (ಬಂದ ಮಾಲು), ಕನಿಷ್ಠ, ಗರಿಷ್ಠ, ಮಾದರಿ ಎಂದು ನಾಲ್ಕು ಮನೆಗಳಿರುತ್ತವೆ. ಹೆಚ್ಚಿನ ಮಾಲು ಯಾವ ದರಕ್ಕೆ ಹೋಯಿತೋ ಅದು ಮಾದರಿ ದರ. ರೈತನಿಗೆ ಬೇಕಾದದ್ದು ಮೂರನೆಯ ಮನೆಯ ಅಂಕಿಯಲ್ಲ, ನಾಲ್ಕನೆಯದು.

ಈ ಪತ್ರಿಕೆಯ ಪೇಟೆ ವರದಿಗಾರ ಇಪ್ಪತ್ತು ವರ್ಷ ಅದೇ ಕೋಷ್ಟಕವನ್ನು ಬರೆದವರು. ಹಳ್ಳಿಯೊಂದರ ಚಹಾದ ಹೋಟೆಲಿನಲ್ಲಿ ಗಲ್ಲಾದ ಹಿಂದಿನ ಗೋಡೆಗೆ ಅವರ ಕೋಷ್ಟಕವನ್ನು ಕತ್ತರಿಸಿ ಅಂಟಿಸುತ್ತಿದ್ದುದನ್ನು ನಾನೇ ನೋಡಿದ್ದೇನೆ. ಸೋಮವಾರದ್ದರ ಮೇಲೆ ಗುರುವಾರದ್ದು, ಅದರ ಮೇಲೆ ಮತ್ತೆ ಸೋಮವಾರದ್ದು. ಅಂಟಿನಿಂದ ಅಂಗೈ ದಪ್ಪದ ಹಲಗೆಯಂತಾಗಿತ್ತು. ಜನ ಚಹಾ ಕುಡಿಯುತ್ತ ಮೇಲಿನ ಕಾಗದದ ಅಂಚನ್ನು ಎತ್ತಿ, ಹಿಂದಿನ ವಾರ ಎಷ್ಟಿತ್ತು ಎಂದು ಹಣಕಿ ನೋಡುತ್ತಿದ್ದರು.

ಕಾಗದ ಕೈಬಿಟ್ಟ ವರ್ಷಗಳು

2016ರ ಸೆಪ್ಟೆಂಬರಿನಲ್ಲಿ ಜಿಯೊ ಬಂದ ಮೇಲೆ ಹಳ್ಳಿಯ ಯುವಕರ ಕೈಗೆ ಅಗ್ಗದ ಡೇಟಾ ಸಿಕ್ಕಿತು. ಮೊದಲ ಪೆಟ್ಟು ನಿಧನ ವಾರ್ತೆಗೆ. ಅಂತ್ಯಕ್ರಿಯೆಯ ಹೊತ್ತು ವಾಟ್ಸ್‌ಆ್ಯಪ್‌ನಲ್ಲಿ ತಿಳಿದುಬಿಡುವಾಗ ಮರುದಿನದ ಪತ್ರಿಕೆ ಯಾರಿಗೆ ಬೇಕು? 2020ರ ಮಾರ್ಚ್ 25ರಿಂದ ಲಾಕ್‌ಡೌನ್ ಆದಾಗ ಕಾಗದದಿಂದಲೂ ಸೋಂಕು ಹರಡುತ್ತದೆ ಎಂಬ ಭಯ ಮನೆಮನೆಗೆ ಹೊಕ್ಕಿತು. ಪೇಪರ್ ಹಾಕುವ ಹುಡುಗರನ್ನು ಗೇಟಿನಿಂದಲೇ ವಾಪಸು ಕಳಿಸಿದರು. ಆಗ ಸಂಪಾದಕರು ಮೊದಲ ದೊಡ್ಡ ತೀರ್ಮಾನ ತೆಗೆದುಕೊಂಡರು: ಪ್ರತಿದಿನ ಬೆಳಗ್ಗೆ ಆರಕ್ಕೆ ಇಡೀ ಪತ್ರಿಕೆಯ ಪಿಡಿಎಫ್ ಅನ್ನು ಉಚಿತವಾಗಿ ಗುಂಪುಗಳಿಗೆ ಹಾಕುವುದು. ಓದುಗರ ನಂಟು ಕಡಿಯಬಾರದು ಎಂಬ ಕಾಳಜಿಯಿಂದ ಮಾಡಿದ ಕೆಲಸ ಅದು. ಆ ತಿಂಗಳುಗಳ ಮಟ್ಟಿಗೆ ಸರಿಯೂ ಆಗಿತ್ತು.

ತಪ್ಪಾದದ್ದು ಅದನ್ನು ನಿಲ್ಲಿಸದೇ ಇದ್ದದ್ದು. ಲಾಕ್‌ಡೌನ್ ಮುಗಿದರೂ ಪಿಡಿಎಫ್ ಮುಂದುವರಿಯಿತು. ಒಬ್ಬ ಏಜೆಂಟರು ಬಂದು, “ಸರ್, ನೀವೇ ಆರಕ್ಕೆ ಫೋನಿಗೆ ಹಾಕಿದರೆ ನಾನು ಏಳಕ್ಕೆ ಮನೆಗೆ ಏನನ್ನು ಒಯ್ಯಲಿ?” ಎಂದು ಕೇಳಿದರು. ಉತ್ತರ ಸಿಗಲಿಲ್ಲ. ಆರು ತಿಂಗಳಲ್ಲಿ ಅವರು ಪತ್ರಿಕೆ ಬಿಟ್ಟು ಹಾಲಿನ ಏಜೆನ್ಸಿ ಹಿಡಿದರು. 2022ರಲ್ಲಿ ರಷ್ಯಾ–ಉಕ್ರೇನ್ ಯುದ್ಧ ಶುರುವಾಗಿ ಮುದ್ರಣ ಕಾಗದದ ಬೆಲೆ ಗಗನಕ್ಕೇರಿದಾಗ ಅಚ್ಚಾಗುವ ಪ್ರತಿಗಳನ್ನು ಇನ್ನಷ್ಟು ಇಳಿಸಿದರು. ಮುದ್ರಣವನ್ನು ಪೂರ್ತಿ ನಿಲ್ಲಿಸುವಂತೆಯೂ ಇರಲಿಲ್ಲ. ಸರ್ಕಾರಿ ಜಾಹೀರಾತು, ನ್ಯಾಯಾಲಯದ ಪ್ರಕಟಣೆ, ಹೆಸರು ಬದಲಾವಣೆಯ ಸೂಚನೆ ಎಲ್ಲವೂ ಅಚ್ಚಾದ ಪತ್ರಿಕೆಯನ್ನೇ ಬೇಡುತ್ತಿದ್ದವು. ಸಂಬಳ ನಡೆಯುತ್ತಿದ್ದುದು ಅದರಿಂದಲೇ.

ಇದೇ ಹೊತ್ತಿಗೆ ಸಂಪಾದಕರ ಮಗ ಬೆಂಗಳೂರಿನ ಕೆಲಸ ಬಿಟ್ಟು ಊರಿಗೆ ಮರಳಿದ. ಇಡೀ ಪ್ರಕರಣವನ್ನು ಅವನ ತಲೆಗೆ ಕಟ್ಟುವವರನ್ನು ನಾನು ಕಂಡಿದ್ದೇನೆ, ಅದು ಅನ್ಯಾಯ. ಯಾರೂ ಓದದ ಪಿಡಿಎಫ್‌ಗೆ ಬದಲಾಗಿ ಸುದ್ದಿಗೊಂದು ಚಿತ್ರ ಮಾಡಿ ಹಾಕಿದರೆ ಜನ ನೋಡುತ್ತಾರೆ ಎಂದು ಗುರುತಿಸಿದವನು ಅವನೇ. ಯೂಟ್ಯೂಬ್ ಚಾನೆಲ್ ತೆರೆದ. ಜಾಹೀರಾತಿನ ಹಣ ಬರಬೇಕೆಂದರೆ ಆಗ 1,000 ಚಂದಾದಾರರು ಮತ್ತು 12 ತಿಂಗಳಲ್ಲಿ 4,000 ಗಂಟೆಗಳ ವೀಕ್ಷಣೆ ಬೇಕಿತ್ತು. ಅವನು ರಾತ್ರಿ ಹನ್ನೊಂದರವರೆಗೆ ಕುಳಿತು ವಿಡಿಯೊ ಜೋಡಿಸುತ್ತಿದ್ದ. ಪತ್ರಿಕೆ ಉಳಿಯಬೇಕೆಂದು ಅವನಷ್ಟು ದುಡಿದವರು ಆ ಕಚೇರಿಯಲ್ಲಿ ಬೇರೊಬ್ಬರಿಲ್ಲ.

ಆ ಗುರುವಾರ

ಮಾರುಕಟ್ಟೆಯಲ್ಲಿ ವರ್ತಕರು ಲಾಟುಗಳಿಗೆ ಹಾಕಿದ ಟೆಂಡರಿನ ಫಲಿತಾಂಶ ಬಂದ ಕೂಡಲೇ ಪೇಟೆ ವರದಿಗಾರರು ಎಂದಿನಂತೆ ದರಪಟ್ಟಿಯ ಫೋಟೊ ಕಳಿಸಿದರು. ಒಂದು ಡಬ್ಬಿ ಲಾಟಿಗೆ ಅಪರೂಪದ ದರ ಸಿಕ್ಕಿದೆ ಎಂದೂ ಬರೆದಿದ್ದರು. ಅಷ್ಟರಲ್ಲಿ ಬೇರೆ ಚಾನೆಲ್ಲುಗಳು ‘ದಾಖಲೆ’ ಎಂದು ಬಿತ್ತರಿಸತೊಡಗಿದ್ದವು. ಕಂಪ್ಯೂಟರಿನಲ್ಲಿ ಪುಟ ಜೋಡಿಸುವ ಡಿಟಿಪಿಯ ಹುಡುಗಿ ಚಿತ್ರದ ಸಿದ್ಧ ವಿನ್ಯಾಸವನ್ನು ತೆರೆದಳು. ಮೇಲೆ ಶೀರ್ಷಿಕೆ, ನಡುವೆ ಒಂದು ಅಂಕಿ, ಹಿಂದೆ ಫೋಟೊ. ಆ ವಿನ್ಯಾಸದಲ್ಲಿ ಒಂದೇ ಅಂಕಿಗೆ ಜಾಗವಿತ್ತು. ಅವಳು ಇದ್ದುದರಲ್ಲೇ ದೊಡ್ಡ ಅಂಕಿಯನ್ನು ತುಂಬಿದಳು. ಯಾರ ಕಣ್ಣಿಗೂ ತಪ್ಪೆನಿಸಲಿಲ್ಲ. ಮೂರು ನಿಮಿಷದಲ್ಲಿ ಚಿತ್ರ ಹೊರಬಿತ್ತು.

ಅದೇ ರಾತ್ರಿ, ಅದೇ ಕೋಣೆಯಲ್ಲಿ, ಅದೇ ದರಪಟ್ಟಿಯಿಂದ ಮರುದಿನದ ಮುದ್ರಿತ ಪುಟ ಸಿದ್ಧವಾಯಿತು. ಅದರಲ್ಲಿ ಶೀರ್ಷಿಕೆ ‘ಡಬ್ಬಿ: ಒಂದು ಲಾಟಿಗೆ ಗರಿಷ್ಠ ದರ’ ಎಂದಿತ್ತು, ಕೆಳಗೆ ಪೂರ್ತಿ ಕೋಷ್ಟಕವಿತ್ತು. ಮಾದರಿ ದರ ಆ ಗರಿಷ್ಠದ ಅರ್ಧಕ್ಕಿಂತಲೂ ಕೆಳಗಿತ್ತು. ನಾನು ಎರಡನ್ನೂ ಪಕ್ಕಪಕ್ಕ ಇಟ್ಟು ಬಹಳ ಹೊತ್ತು ನೋಡಿದೆ. ಪತ್ರಿಕೆಗೆ ಬುದ್ಧಿ ಇರಲಿಲ್ಲ ಎನ್ನುವಂತಿಲ್ಲ. ಇಪ್ಪತ್ತು ವರ್ಷಗಳ ಬುದ್ಧಿ ಅಚ್ಚಿನ ಪುಟದೊಳಗೆ ಹಾಗೇ ಕುಳಿತಿತ್ತು. ಚೌಕಾಕಾರದ ಚಿತ್ರದಲ್ಲಿ ಅದಕ್ಕೆ ಜಾಗ ಮಾಡಿರಲಿಲ್ಲ.

ಸೋಮವಾರ ಬಂದ ರೈತರಲ್ಲಿ ಇಬ್ಬರು ಮಾಲನ್ನು ಇನ್ನೂ ಒಣಗಿಸಬೇಕೆಂದಿದ್ದವರು. ಚಿತ್ರ ನೋಡಿ ಅವಸರದಲ್ಲಿ ಟಂಟಂ ಬಾಡಿಗೆ ಹಿಡಿದು, ಕಣದಿಂದ ನೇರವಾಗಿ ಚೀಲ ತುಂಬಿಸಿ ತಂದಿದ್ದರು. ತೇವ ಆರದ ಕಾಯಿಗೆ ಮಾದರಿ ದರವೂ ಸಿಗಲಿಲ್ಲ. ಹಿರಿಯರೊಬ್ಬರು ಮೊಬೈಲನ್ನು ಸಂಪಾದಕರ ಮಗನ ಮೇಜಿನ ಮೇಲಿಟ್ಟು, “ತಮ್ಮಾ, ಇದು ನಿಮ್ಮ ಪೇಪರಿನದೇನು? ನಿಮ್ಮ ಪೇಪರಿನದೆಂದೇ ನಂಬಿ ತಂದೆ. ಬೇರೆಯವರದಾಗಿದ್ದರೆ ದಲಾಲಿ ಅಂಗಡಿಗೆ ಒಂದು ಮಾತು ಫೋನ್ ಮಾಡಿ ಕೇಳುತ್ತಿದ್ದೆ” ಎಂದರು. ಹುಡುಗ ತಲೆ ತಗ್ಗಿಸಿದ. ಈ ಮಾತಿನ ಭಾರ ನನಗೆ ಇನ್ನೂ ಇಳಿದಿಲ್ಲ. ನಂಬಿಕೆ ಇಲ್ಲದ ಕಡೆ ಆ ರೈತ ಎಚ್ಚರವಾಗಿರುತ್ತಿದ್ದ. ನಂಬಿದ್ದಕ್ಕೇ ನಷ್ಟ ಅನುಭವಿಸಿದ.

ಮಾಡಿದ ಪ್ರಯತ್ನಗಳು

ಮೊದಲು ಮಾಡಿದ್ದು ಅಳಿಸುವ ಕೆಲಸ. ಶುಕ್ರವಾರ ಬೆಳಗ್ಗೆಯೇ ವರದಿಗಾರರು ತಪ್ಪನ್ನು ಗಮನಿಸಿ ಹೇಳಿದ್ದರು. ಗುಂಪುಗಳಿಂದ ‘ಎಲ್ಲರಿಗೂ ಅಳಿಸು’ ಎಂದು ತೆಗೆದರು. ಆದರೆ ಅಲ್ಲಿಂದ ಬೇರೆ ಗುಂಪಿಗೆ ಹಾರಿದ ಪ್ರತಿಗೆ ಆ ಅಳಿಸುವಿಕೆ ತಾಗುವುದಿಲ್ಲ. ಆ ಹೊತ್ತಿಗೆ ಅದು ಊರಿನ ಗುಂಪು, ಸಂಘದ ಗುಂಪು, ಬೀಗರ ಗುಂಪು ಎಲ್ಲ ದಾಟಿತ್ತು.

ಆಮೇಲೆ ತಿದ್ದುಪಡಿಯ ಚಿತ್ರ. ‘ಸ್ಪಷ್ಟೀಕರಣ’ ಎಂದು ದೊಡ್ಡದಾಗಿ ಬರೆದು, ಸರಿಯಾದ ವಿವರವನ್ನು ಕೆಳಗೆ ಕೊಟ್ಟರು. ಅದನ್ನು ಯಾರೂ ಮುಂದೆ ಕಳಿಸಲಿಲ್ಲ. ಇದು ಸಹಜ. ದಾಖಲೆ ದರ ಎಂದರೆ ಅಣ್ಣನಿಗೂ ಮಾವನಿಗೂ ಕಳಿಸುವ ಸಂತೋಷದ ಸುದ್ದಿ. ಸ್ಪಷ್ಟೀಕರಣವನ್ನು ಕಳಿಸಿ ಯಾರ ಸಂತೋಷ ಕೆಡಿಸಬೇಕು? ಮುದ್ರಣದ ಕಾಲದಲ್ಲಿ ತಪ್ಪನ್ನು ಓದಿದವರ ಮನೆಗೇ ಮರುದಿನ ಅದೇ ಹುಡುಗ ತಿದ್ದುಪಡಿಯನ್ನೂ ಹಾಕಿ ಬರುತ್ತಿದ್ದ. ತಪ್ಪು ಮತ್ತು ತಿದ್ದುಪಡಿ ಒಂದೇ ಸೈಕಲ್ಲಿನ ಮೇಲೆ ಹೋಗುತ್ತಿದ್ದವು. ಈಗ ತಪ್ಪಿನ ದಾರಿಯೇ ಬೇರೆ, ತಿದ್ದುಪಡಿಯ ದಾರಿಯೇ ಬೇರೆ.

ಯೂಟ್ಯೂಬಿನಲ್ಲಿ ವರದಿಗಾರರನ್ನು ಕೂರಿಸಿ ಧಾರಣೆ ಓದುವುದು ಹೇಗೆಂದು ಹೇಳಿಸಿದ್ದೂ ಆಯಿತು. ಒಳ್ಳೆಯ ವಿಡಿಯೊ ಅದು, ನೋಡಿದವರು ಕಡಿಮೆ.

ನಾನು ಹೋದದ್ದು ಇದಾದ ಮೇಲೆ. ನನ್ನ ಸಲಹೆ ಒಂದೇ ಆಗಿತ್ತು: ಕಚೇರಿ ಬಿಟ್ಟು ಹಳ್ಳಿಗೆ ಹೋಗೋಣ, ಆ ಚಿತ್ರ ಯಾರ ಕೈಗೆ ಯಾವ ದಾರಿಯಿಂದ ತಲುಪಿತು ಎಂದು ಕೇಳೋಣ. ಸಂಪಾದಕರು, ಮಗ, ವರದಿಗಾರರು, ನಾನು, ಎರಡು ಭಾನುವಾರ ತಿರುಗಿದೆವು. ಮಾತನಾಡಿಸಿದ ಹೆಚ್ಚಿನವರು ಪತ್ರಿಕೆಯ ಯಾವ ಗುಂಪಿನಲ್ಲೂ ಇರಲಿಲ್ಲ. ಅವರಿಗೆ ಚಿತ್ರ ಕಳಿಸಿದ್ದು ತಮ್ಮ, ಅಳಿಯ, ಗೊಬ್ಬರದ ಅಂಗಡಿಯವನು. ಸವಣೂರಿನ ಕಡೆಯ ಹಳ್ಳಿಯೊಂದರಲ್ಲಿ, ಗಂಡ ತೀರಿದ ಮೇಲೆ ಹೊಲ ನೋಡಿಕೊಳ್ಳುತ್ತಿದ್ದ ಹೆಣ್ಣುಮಗಳೊಬ್ಬರು ಹೇಳಿದ ಮಾತಿನಿಂದ ನಮಗೆ ದಾರಿ ಕಂಡಿತು: “ನಮ್ಮವರು ಇದ್ದಾಗ ಪೇಪರಿನ ಆ ಸಾಲಿನ ಮೇಲೆ ಬೆರಳಿಟ್ಟು ಕೊನೆಯ ಅಂಕಿ ಓದುತ್ತಿದ್ದರು. ಮೊಬೈಲಿನಲ್ಲಿ ಕೊನೆಯ ಅಂಕಿ ಎಲ್ಲಿದೆ, ನಾನು ಬೆರಳು ಎಲ್ಲಿಡಲಿ?”

ಹಿಂತಿರುಗುವಾಗ ಕಾರಿನಲ್ಲಿ ಯಾರೂ ಹೆಚ್ಚು ಮಾತಾಡಲಿಲ್ಲ. ರಾತ್ರಿ ಸಂಪಾದಕರು ತಮ್ಮದೇ ಪತ್ರಿಕೆಯ ನಾಲ್ಕನೆಯ ಪುಟದ ತಳವನ್ನು ಮಗನಿಗೆ ತೋರಿಸಿದರು. ಸಂಪಾದಕರು, ಮುದ್ರಕರು, ಪ್ರಕಾಶಕರು ಯಾರು, ಎಲ್ಲಿ ಅಚ್ಚಾಯಿತು ಎಂಬ ಇರುವೆ ಸಾಲಿನಂತಹ ಅಕ್ಷರಗಳು. 1867ರ ಪತ್ರಿಕಾ ಮತ್ತು ಪುಸ್ತಕ ನೋಂದಣಿ ಕಾಯ್ದೆಯ ಪ್ರಕಾರ ಪ್ರತಿ ಪ್ರತಿಯ ಮೇಲೂ ಆಗ ಇರಲೇಬೇಕಾಗಿದ್ದ ಸಾಲು ಅದು. “ಅಪ್ಪಾಜಿ, ಇದನ್ನು ಯಾರು ಓದುತ್ತಾರೆ?” ಎಂದು ಮಗ ಕೇಳಿದ. “ಜಗಳ ಬಂದ ದಿನ ಓದುತ್ತಾರೆ” ಎಂದರು ತಂದೆ.

ಅಂದು ತೀರ್ಮಾನವಾದದ್ದು ಇಷ್ಟು. ಧಾರಣೆಯ ಚಿತ್ರದಲ್ಲಿ ಕೋಷ್ಟಕ ಪೂರ್ತಿ ಇರಬೇಕು, ಮಾದರಿ ದರವೇ ಎಲ್ಲಕ್ಕಿಂತ ದಪ್ಪ ಅಕ್ಷರದಲ್ಲಿರಬೇಕು. ಪ್ರತಿ ಚಿತ್ರದ ತಳದಲ್ಲಿ ದಿನಾಂಕ, ಹೊತ್ತು, ವರದಿಗಾರರ ಹೆಸರು, ಕಚೇರಿಯ ದೂರವಾಣಿ ಸಂಖ್ಯೆ ಒಂದು ಸಾಲಿನಲ್ಲಿ ಬರಬೇಕು, ಅದೂ ಚಿತ್ರದೊಳಗೇ. ಪಕ್ಕದಲ್ಲಿ ಬರೆದ ಅಕ್ಷರ ಮುಂದೆ ಕಳಿಸುವಾಗ ಉದುರಿಹೋಗಬಹುದು, ಚಿತ್ರದೊಳಗಿನದು ಜೊತೆಗೇ ಹೋಗುತ್ತದೆ. ವರದಿಗಾರರು ನೋಡಿ ‘ಸರಿ’ ಎನ್ನದೆ ಯಾವ ಅಂಕಿಯೂ ಹೊರಗೆ ಹೋಗಬಾರದು. ಪಿಡಿಎಫ್ ಬೆಳಗ್ಗೆ ಆರರ ಬದಲು ಸಂಜೆ ಆರಕ್ಕೆ.

ಮಗನಿಗೆ ಇದರಲ್ಲಿ ಕೊನೆಯದು ಮಾತ್ರ ಸುಲಭವಾಗಿ ಒಪ್ಪಿಗೆಯಾಯಿತು. ಕೋಷ್ಟಕ ತುಂಬಿದ ಚಿತ್ರವನ್ನು ಜನ ಮುಂದೆ ಕಳಿಸುವುದಿಲ್ಲ ಎಂದ. ಅವನ ಮಾತೇ ನಿಜವಾಯಿತು. ಮೊದಲ ಮೂರು ತಿಂಗಳು ಹಂಚಿಕೆ ಕುಸಿಯಿತು. ತಂದೆ ಮಗ ಒಂದೇ ಕೋಣೆಯಲ್ಲಿ ಕುಳಿತು ದಿನಗಟ್ಟಲೆ ಮಾತು ಬಿಟ್ಟಿದ್ದೂ ಉಂಟು. ನಾನು ತಂದೆಯ ಪರವಾಗಿದ್ದೆ. ಆದರೆ ತಿಂಗಳ ಕೊನೆಯಲ್ಲಿ ಸಂಬಳದ ಲೆಕ್ಕ ಹಾಕುವವನು ಮಗ ಎಂಬುದನ್ನು ನನ್ನಂಥ ಹೊರಗಿನವರು ಮರೆಯಬಾರದಿತ್ತು.

ಬ್ಯಾಡಗಿ ಉರಿದ ದಿನ

2024ರ ಮಾರ್ಚ್ 11, ಸೋಮವಾರ. ಹಿಂದಿನ ವರ್ಷದ ದರ ಕಂಡು ಹೆಚ್ಚು ಜನ ಬೆಳೆದಿದ್ದರು, ಶೈತ್ಯಾಗಾರಗಳಲ್ಲಿ ಹಳೆಯ ದಾಸ್ತಾನೂ ಇತ್ತು. ದರ ಬಿದ್ದದ್ದಕ್ಕೆ ರೊಚ್ಚಿಗೆದ್ದ ರೈತರು ಬ್ಯಾಡಗಿ ಎಪಿಎಂಸಿ ಕಚೇರಿಗೆ ನುಗ್ಗಿದರು, ವಾಹನಗಳಿಗೆ ಬೆಂಕಿ ಬಿತ್ತು. ಚಿತ್ರದ ತಳದ ಸಾಲಿನ ಬಗ್ಗೆಯೂ ಇಲ್ಲಿ ಒಂದು ಮಾತು: ಹತ್ತೇ ದಿನ ಹಿಂದೆ, ಮಾರ್ಚ್ 1ರಿಂದ, 1867ರ ಹಳೆಯ ಕಾಯ್ದೆ ಹೋಗಿ 2023ರ ನಿಯತಕಾಲಿಕೆಗಳ ನೋಂದಣಿ ಕಾಯ್ದೆ ಜಾರಿಗೆ ಬಂದಿತ್ತು. ಮೊಬೈಲಿನ ಚಿತ್ರದ ಕೆಳಗೆ ಹೆಸರು ಹಾಕಿ ಎಂದು ಈ ಪತ್ರಿಕೆಗೆ ಹಳೆಯ ಕಾಯ್ದೆಯೂ ಹೇಳಿರಲಿಲ್ಲ, ಹೊಸದೂ ಹೇಳಲಿಲ್ಲ.

ಅಂದು ಮಧ್ಯಾಹ್ನದಿಂದ ಮೊಬೈಲುಗಳಲ್ಲಿ ಹೊಗೆಯ ವಿಡಿಯೊಗಳು. ಪತ್ರಿಕೆಯ ವರದಿಗಾರರು ಸ್ಥಳದಲ್ಲೇ ಇದ್ದರು. ನೇರಪ್ರಸಾರ ಮಾಡಿದ್ದರೆ ವರ್ಷದ ವೀಕ್ಷಣೆಯೆಲ್ಲ ಒಂದೇ ದಿನದಲ್ಲಿ ಸಿಗುತ್ತಿತ್ತೇನೋ. ಮಗ ಫೋನ್ ಹಿಡಿದು ನಿಂತಿದ್ದ. ಮಾಡೋಣವೇ ಎಂದು ತಂದೆಯನ್ನು ಕೇಳಲಿಲ್ಲ, ವರದಿಗಾರರಿಗೆ ಫೋನ್ ಮಾಡಿ, “ಕಾಕಾ, ಮಾಲು ತಂದವರು ಈಗ ಏನು ಮಾಡಬೇಕು? ಅದನ್ನು ಮೊದಲು ಕೇಳಿ ಹೇಳಿ” ಎಂದ. ಆ ಸಂಜೆ ಅವನು ಹಾಕಿದ ಮೊದಲ ಚಿತ್ರದಲ್ಲಿ ಬೆಂಕಿ ಇರಲಿಲ್ಲ. ಅಂಗಳದಲ್ಲಿರುವ ಚೀಲಗಳ ಸ್ಥಿತಿ ಏನು, ದಾರಿಯಲ್ಲಿರುವ ವಾಹನಗಳು ಒಳಗೆ ಬರಬಹುದೇ, ವ್ಯಾಪಾರದ ಬಗ್ಗೆ ಅಧಿಕಾರಿಗಳು ಏನು ಹೇಳಿದ್ದಾರೆ, ಇದು ಎಷ್ಟು ಗಂಟೆಯ ಮಾಹಿತಿ ಎಂಬ ನಾಲ್ಕು ಸಾಲು, ಕೆಳಗೆ ಹೆಸರು ಮತ್ತು ಸಂಖ್ಯೆ. ಕಚೇರಿಯ ಫೋನು ರಾತ್ರಿ ಒಂದರವರೆಗೆ ಬಡಿದುಕೊಂಡಿತು. ಆಂಧ್ರದ ಕಡೆಯಿಂದ ಲಾರಿಯಲ್ಲಿ ಕುಳಿತವರೂ ಮಾಡಿದರು. ಡಿಟಿಪಿಯ ಹುಡುಗಿ ಒಂದು ನೋಟ್‌ಬುಕ್ಕಿನಲ್ಲಿ ಯಾರು ಎಲ್ಲಿಂದ ಏನು ಕೇಳಿದರು ಎಂದು ಬರೆಯುತ್ತ ಹೋದಳು. ಮರುದಿನದ ಮುದ್ರಿತ ಪುಟ ಆ ನೋಟ್‌ಬುಕ್ಕಿನಿಂದಲೇ ಎದ್ದಿತು. ಜನ ಕೇಳಿದ ಪ್ರಶ್ನೆಗಳಿಗೆ ಉತ್ತರ ಹುಡುಕಿ ಅಚ್ಚು ಹಾಕಿದ್ದರು.

ನನ್ನ ಮಟ್ಟಿಗೆ ಇಡೀ ಪ್ರಕರಣ ತಿರುಗಿದ್ದು ಆ ಫೋನ್ ಕರೆಯಲ್ಲಿ. ತಂದೆ ಹಾಕಿದ ನಿಯಮಗಳನ್ನು ಒಂದು ವರ್ಷ ಮಗ ಮನಸ್ಸಿಲ್ಲದೆ ಪಾಲಿಸಿದ್ದ. ಅಂದು ನಿಯಮ ಯಾರಿಗೂ ನೆನಪಿರಲಿಲ್ಲ. ಚೀಲ ಹೊತ್ತು ನಿಂತವನಿಗೆ ಈಗ ಏನು ಬೇಕು ಎಂದು ಅವನೇ ಕೇಳಿದ. ಡಿಜಿಟಲ್ ಬಂದು ಪತ್ರಿಕೆಗಳ ಓದುಗರನ್ನು ಕಸಿದುಕೊಂಡಿತು ಎಂದು ನಾವು ವರ್ಷಗಳಿಂದ ದೂರುತ್ತಿದ್ದೇವೆ. ಇಲ್ಲಿ ನಾನು ಕಂಡದ್ದು ಬೇರೆ. ಓದುಗ ಹೋಗಿರಲಿಲ್ಲ, ಅವನು ಪತ್ರಿಕೆಯ ಮುದ್ರೆಯನ್ನು ನಂಬಿ ಕಣದಿಂದ ಚೀಲ ಎತ್ತುವಷ್ಟು ಹತ್ತಿರದಲ್ಲೇ ಇದ್ದ. ಕೋಷ್ಟಕ, ದಿನಾಂಕ, ಹೆಸರುಗಳನ್ನು ಹಳೆಯ ಪುಟದಲ್ಲೇ ಬಿಟ್ಟು ಮುದ್ರೆಯೊಂದನ್ನೇ ಮೊಬೈಲಿಗೆ ಕಳಿಸಿದ್ದು ನಾವು.

ಹಣದ ಕಥೆ ಇಷ್ಟು ಹಿತವಾಗಿಲ್ಲ. ಯೂಟ್ಯೂಬಿನಿಂದ ಬರುವುದು ಕಚೇರಿಯ ವಿದ್ಯುತ್ ಬಿಲ್ಲಿಗೆ ಸಾಲುತ್ತದೆ. ಪಿಡಿಎಫ್ ಸಂಜೆಗೆ ಸರಿದ ಮೇಲೆ ಕೆಲವು ಚಂದಾದಾರರು ಮರಳಿದರು, ಹಾಲಿನ ಏಜೆನ್ಸಿ ಹಿಡಿದವರು ಮರಳಲಿಲ್ಲ. ಬೀಜ, ಗೊಬ್ಬರ, ಶೈತ್ಯಾಗಾರದವರು ಧಾರಣೆಯ ಚಿತ್ರದ ಕೆಳಗೆ ಜಾಹೀರಾತು ಹಾಕಲು ಬಂದಿದ್ದಾರೆ. ಒಬ್ಬ ವರ್ತಕರು ದೊಡ್ಡ ಮೊತ್ತ ಹೇಳಿ, ಗರಿಷ್ಠ ದರವನ್ನು ಮತ್ತೆ ದಪ್ಪ ಮಾಡಿ ಎಂದರು. ಅವರನ್ನು ಚಹಾ ಕುಡಿಸಿ ಕಳಿಸಿದರು. ಸರ್ಕಾರಿ ಜಾಹೀರಾತಿನ ಆಸರೆ ಇನ್ನೂ ಬಿಟ್ಟಿಲ್ಲ.

ಕಳೆದ ಸುಗ್ಗಿಯಲ್ಲಿ 2023ರ ಆ ಹಳದಿ ಅಕ್ಷರದ ಚಿತ್ರ ಎಲ್ಲಿಂದಲೋ ಮತ್ತೆ ಗುಂಪುಗಳಲ್ಲಿ ಕಾಣಿಸಿಕೊಂಡಿತು. ಒಂದು ಬೆಳಗ್ಗೆ ಗುಡಗೇರಿ ಕಡೆಯ ಯುವಕನೊಬ್ಬ ಕಚೇರಿಗೆ ಫೋನ್ ಮಾಡಿ, “ಇದರಲ್ಲಿ ನಿಮ್ಮ ಮುದ್ರೆ ಇದೆ, ಕೆಳಗಿನ ಸಾಲು ಇಲ್ಲ. ಹಳೆಯದೇನು?” ಎಂದು ಕೇಳಿದನಂತೆ. ಹೌದು ಎಂದು ಹೇಳಿ, ಆ ದಿನದ ಕೋಷ್ಟಕವನ್ನು ಅವನಿಗೆ ಕಳಿಸಿ, ಡಿಟಿಪಿಯ ಹುಡುಗಿ ಅವನ ಪ್ರಶ್ನೆಯನ್ನು ನೋಟ್‌ಬುಕ್ಕಿನಲ್ಲಿ ಬರೆದುಕೊಂಡಳು. ಅದು ಈಗ ಮೂರನೆಯ ನೋಟ್‌ಬುಕ್ಕು. ಅದೇ ಮಧ್ಯಾಹ್ನ ಇನ್ನೊಬ್ಬರು, ಫೋನ್ ಮಾಡದವರು, ಅದೇ ಚಿತ್ರ ನಂಬಿ ಟಂಟಂ ತುಂಬಿಸಿಕೊಂಡು ಬಂದರು. ಸಂಪಾದಕರ ಮಗ ಮಾರುಕಟ್ಟೆಗೆ ಹೋಗಿ, ಸಂಜೆ ಅವರ ಲಾಟು ಮಾರಾಟವಾಗುವವರೆಗೆ ಅವರ ಜೊತೆ ಚೀಲದ ಮೇಲೆ ಕುಳಿತಿದ್ದ.